ನಿಮಗೊಂದು ಕಾಫಿ ಮಾಡಿಕೊಳ್ಳಿ

ಪೊಲಿಕ್ಸೆನಿ ಕಪಾಟಿನಿಂದ ಎರಡನೆಯ ಬಟ್ಟಲನ್ನು ತೆಗೆದಾಗ ಡೊಮ್ನಾಳ ಪೆನ್ನು ನಿಂತಿತು. ಕೊನೆಗೆ ಇವರೂ ಹೀಗೇ ಮಾಡಿಬಿಟ್ಟರು.

"ನಿಮಗೊಂದು ಕಾಫಿ ಮಾಡಿಕೊಳ್ಳಿ" ಎಂದಷ್ಟೇ ಹೇಳಿ ಡೊಮ್ನಾ ಅಡುಗೆಮನೆಯ ಮೂಲೆಯಲ್ಲಿ ಕುಳಿತಿದ್ದಳು. ಅದಾದ ಮೇಲೆ ಮಾತಾಡುವಂತಿಲ್ಲ, ಕೈ ಜೋಡಿಸುವಂತಿಲ್ಲ. ಕ್ಯಾಮೆರಾ ನೋಡುತ್ತಿರುತ್ತದೆ, ಅವಳು ಅಂಕ ಹಾಕುತ್ತಾಳೆ. ಕಾಯಿಲೆ ಬಿದ್ದವರಿಗೆ ದಿನನಿತ್ಯದ ಕೆಲಸಗಳನ್ನು ಮತ್ತೆ ರೂಢಿ ಮಾಡಿಸುವ ಆಕ್ಯುಪೇಷನಲ್ ಥೆರಪಿಯಲ್ಲಿ ಡೊಮ್ನಾ ಪಿಎಚ್‌ಡಿ ಮಾಡುತ್ತಿದ್ದಳು. ಲಕ್ವ ಹೊಡೆದವರು ಆಸ್ಪತ್ರೆಗಿಂತ ತಮ್ಮ ಸ್ವಂತ ಅಡುಗೆಮನೆಯಲ್ಲಿ ಚೆನ್ನಾಗಿ ಕೆಲಸ ಮಾಡುತ್ತಾರೆ ಎಂಬುದು ಅವಳ ವಾದ. ಅದನ್ನೇ ನಂಬಿಕೊಂಡು ತನ್ನೂರು ಕವಾಲಾದ ಮೆಟ್ಟಿಲುಬೀದಿಗಳನ್ನು ವರ್ಷಗಟ್ಟಲೆ ಹತ್ತಿ ಇಳಿದಿದ್ದಳು. ಆದರೆ ಫಲಿತಾಂಶ ತಲೆಕೆಳಗಾಗಿ ಬಂದಿತ್ತು. ಆಸ್ಪತ್ರೆಯಲ್ಲಿ ಅಚ್ಚುಕಟ್ಟಾಗಿ ಒಂದು ಕಾಫಿ ಮಾಡಿದವರೇ ಮನೆಯಲ್ಲಿ ಹೇಳಿದ್ದನ್ನು ಮರೆತು ಎರಡು ಮಾಡುತ್ತಿದ್ದರು. ಸಮಯವೂ ಹೆಚ್ಚು, ತಪ್ಪೂ ಹೆಚ್ಚು. ಕೊನೆಯವರಾದ ಪೊಲಿಕ್ಸೆನಿಯ ಮೇಲೆ ಉಳಿದಿದ್ದ ಚೂರು ಆಸೆಯೂ ಈಗ ಹೋಯಿತು. ನಾಳೆ ತನ್ನ ಗೈಡ್ ಪ್ರೊಫೆಸರ್ ವರ್ಸಾಮಿಸ್ ಅವರ ಎದುರು ಕುಳಿತು, ನನ್ನ ಕೆಲಸವೆಲ್ಲ ನೀರುಪಾಲಾಯಿತು ಸರ್ ಎಂದು ಹೇಳಬೇಕು. ಮೊದಲಿನಿಂದ ಶುರುಮಾಡುವ ಶಕ್ತಿ ಅವಳಲ್ಲಿ ಉಳಿದಿರಲಿಲ್ಲ.

ಪೊಲಿಕ್ಸೆನಿಗೆ ಇದಾವುದೂ ಗೊತ್ತಿರಲಿಲ್ಲ. ಸೋತ ಎಡಗೈಯಿಂದ ಕಾಫಿಪುಡಿಯ ಡಬ್ಬಿಯನ್ನು ಹೊಟ್ಟೆಗೆ ಒತ್ತಿ ಹಿಡಿದು ಬಲಗೈಯಿಂದ ಮುಚ್ಚಳ ತಿರುಗಿಸಿದರು. ಉದ್ದ ಹಿಡಿಯ ಪುಟ್ಟ ಪಾತ್ರೆಯನ್ನು ಒಲೆಗಿಟ್ಟು, ನೊರೆ ಉಬ್ಬುವುದನ್ನೇ ಕಾದು, ಉಕ್ಕುವ ಮೊದಲು ಇಳಿಸಿ ಒಂದು ಬಟ್ಟಲಿಗೆ ಬಗ್ಗಿಸಿದರು. ಪಾತ್ರೆ ತೊಳೆದು, ಎರಡನೆಯದಕ್ಕೆ ಮತ್ತೆ ಮೊದಲಿನಿಂದ ನೀರಿಟ್ಟರು. ಡೊಮ್ನಾ 'ಸೂಚನೆ ಮರೆತರು' ಎಂದು ಬರೆದು, ಎಲ್ಲ ಮುಗಿದ ಮೇಲೆ ಎದ್ದು ಹೋಗಿ ಕ್ಯಾಮೆರಾ ಆರಿಸಿದಳು. ಹಿಂತಿರುಗುವಷ್ಟರಲ್ಲಿ ಅವಳ ಕುರ್ಚಿಯ ಎದುರು ಮೇಜಿನ ಮೇಲೆ ಒಂದು ಬಟ್ಟಲು, ಪಕ್ಕದಲ್ಲಿ ಒಂದು ಲೋಟ ತಣ್ಣೀರು ಕೂತಿದ್ದವು. ಪರೀಕ್ಷೆಗೆ ಒಳಗಾದವರಿಂದ ಏನನ್ನೂ ತೆಗೆದುಕೊಳ್ಳಬಾರದೆಂಬ ನಿಯಮವಿತ್ತು. ಎಲ್ಲರ ಮನೆಯಲ್ಲೂ ಹೇಳಿದಂತೆ ಇಲ್ಲಿಯೂ ಬೇಡವೆಂದಳು. ಕೇಳಬಾರದ ಮಾತೊಂದು ಮಾತ್ರ ಬಾಯಿ ತಪ್ಪಿ ಬಂತು.

"ಒಂದೇ ಕಾಫಿ ಅಂದಿದ್ದೆ. ಮರೆತುಹೋಯ್ತಾ ಅಮ್ಮ?"

"ಸೋತಿರೋದು ಕೈ ಮಗಳೇ, ತಲೆ ನೆಟ್ಟಗೇ ಇದೆ," ಎಂದರು ಪೊಲಿಕ್ಸೆನಿ. "ಮನೆಗೆ ಬಂದೋಳನ್ನ ಮೂಲೇಲಿ ಕೂರಿಸಿ ನಾನೊಬ್ಳೇ ಕುಡೀಲಾ? ನಮ್ಮಮ್ಮ ಗೋರಿಯಿಂದ ಎದ್ದು ಬಂದು ಕಿವಿ ಹಿಂಡ್ತಾಳೆ."

"ಮತ್ತೆ ಆಸ್ಪತ್ರೇಲಿ ಒಂದೇ ಮಾಡಿದ್ರಿ?"

"ಅಲ್ಲಿ ಮನೆಯೋಳು ನೀನು, ಬಂದೋಳು ನಾನು. ಕರೆದು ಕಾಫಿ ಕೊಡ್ಬೇಕಾಗಿದ್ದು ನೀನು. ಕೊಡ್ಲಿಲ್ಲ, ಹೋಗ್ಲಿ ಬಿಡು." ಪೊಲಿಕ್ಸೆನಿ ತಮ್ಮ ಬಟ್ಟಲನ್ನು ಹತ್ತಿರಕ್ಕೆ ಎಳೆದುಕೊಂಡರು. "ನೀನು ಸಕ್ಕರೆ ಇಲ್ದೆ ಕುಡಿಯೋದನ್ನ ಆಸ್ಪತ್ರೇಲೇ ನೋಡ್ಕೊಂಡಿದ್ದೆ. ನಂಗೆ ಸಿಹಿ ಇಲ್ದೆ ಇಳಿಯಲ್ಲ. ಬೇರೆ ಬೇರೆ ಕುದಿಸ್ದೆ, ಅದಕ್ಕೇ ಹೊತ್ತಾಯ್ತು."

ಡೊಮ್ನಾ ತಾನು ಬರೆದ ಎರಡು ಪದಗಳನ್ನು ನೋಡುತ್ತ ಕುಳಿತಳು. ಈ ಊರಿನ ಕಾಫಿಯಲ್ಲಿ ಸಕ್ಕರೆ ಕಾಫಿಪುಡಿಯ ಜೊತೆಗೇ ಕುದಿಯಬೇಕು, ಆಮೇಲೆ ಬೆರೆಸುವ ಮಾತಿಲ್ಲ. ಸರಿಯಿದ್ದ ಒಂದೇ ಕೈಯಲ್ಲಿ ಈ ಹೆಂಗಸು ಕೇಳಿದ್ದಕ್ಕಿಂತ ಕಷ್ಟದ ಕೆಲಸ ಮಾಡಿದ್ದರು, ಎರಡು ನಾಲಿಗೆಗಳ ರುಚಿ ನೆನಪಿಟ್ಟುಕೊಂಡು. ಅದನ್ನು ತಾನು ಮರೆವು ಎಂದು ಬರೆದಿದ್ದಳು. ಹಿಂದಿನ ಮನೆಗಳೆಲ್ಲ ಕಣ್ಣ ಮುಂದೆ ಬಂದವು. ಪ್ರತಿಯೊಂದರಲ್ಲೂ ತನ್ನೆದುರು ಒಂದು ಬಟ್ಟಲು ಆರುತ್ತಿತ್ತು. ಇದೇ ಊರಿನ ಕಾಫಿ ಕುಡಿದು ಬೆಳೆದ ಅವಳು, ಒಬ್ಬರಿಗಷ್ಟೇ ಕಾಫಿ ಎಂಬ ಆ ಸೂಚನೆಯನ್ನು ಯಾವುದೋ ಹೊರದೇಶದ ಕೈಪಿಡಿಯಿಂದ ಹಾಗೆಯೇ ಎತ್ತಿಕೊಂಡಿದ್ದಳು.

ಅಲ್ಲಿಂದಲೇ ಪ್ರೊಫೆಸರರಿಗೆ ಫೋನ್ ಮಾಡಿದಳು. ಅವರು ಕೊನೆಯವರೆಗೂ ಕೇಳಿ, ಎಲ್ಲರೂ ಹಾಗೇ ಮಾಡಿದರೇ ಎಂದು ವಿಚಾರಿಸಿದರು. ಎಲ್ಲರೂ ಎಂದಳು. ಆಚೆ ಕಡೆಯಿಂದ ನಗು ಕೇಳಿಸಿತು. "ಹಾಗಾದ್ರೆ ತಪ್ಪಿರೋದು ನಿನ್ನ ವಾದ ಅಲ್ಲಮ್ಮ, ನಿನ್ನ ಪ್ರಶ್ನೆ. ವಿಡಿಯೋ ಎಲ್ಲ ಇವೆಯಲ್ಲ, ಕೂತು ಮತ್ತೆ ನೋಡೋಣ. ನಾನೂ ಈ ಊರಿನೋನೇ, ನಂಗೂ ಹೊಳೀಲಿಲ್ಲ ನೋಡು."

ಡೊಮ್ನಾ ಫೋನ್ ಇಟ್ಟಳು. ಕುಳಿತು, ಆರಿದ ಕಾಫಿಯನ್ನು ಗಸಿಯವರೆಗೂ ಕುಡಿದಳು. ಪೊಲಿಕ್ಸೆನಿ ಬಟ್ಟಲಿನೊಳಗೆ ಇಣುಕಿ, ಕೆಳಗಿನ ಮನೆಯ ಫೊತಿನಿಯ ಬಳಿಗೂ ಒಮ್ಮೆ ಹೋಗಿ ಬಾ ಎಂದರು. "ಅವಳ ಕಾಫಿ ನೀನು ಮುಟ್ಲೇ ಇಲ್ವಂತೆ. ಜನ ಕುಡಿಯೋ ಹಾಗೆ ಮಾಡೋಕೂ ಬರಲ್ಲ ನಂಗೆ ಅಂತ ಅತ್ಲು. ಆವತ್ತಿಂದ ಆ ಸೋತ ಕೈನ ಏಪ್ರನ್ ಜೇಬಿಂದ ಆಚೆಗೇ ತೆಗೀತಿಲ್ಲ."

ಡೊಮ್ನಾ ಕ್ಯಾಮೆರಾದ ಚೀಲವನ್ನು ಅಲ್ಲೇ ಬಿಟ್ಟು ಮೆಟ್ಟಿಲಿಳಿದಳು. ಬಾಗಿಲು ತೆರೆದ ಫೊತಿನಿ ಕ್ಯಾಮೆರಾ ಹುಡುಕುವಂತೆ ಅವಳ ಹೆಗಲನ್ನೂ ಕೈಯನ್ನೂ ನೋಡಿದರು.

"ಇವತ್ತೇನು ಮಾಡಿ ತೋರಿಸ್ಬೇಕು?"

"ಏನೂ ಬೇಡಮ್ಮ. ಕಾಫಿ ಕುಡಿದು ಹೋಗೋಣ ಅಂತ ಬಂದೆ."

ಫೊತಿನಿ ಒಳಗೆ ನಡೆದರು. ಬಟ್ಟಲುಗಳಿಗಾಗಿ ಕಪಾಟಿನತ್ತ ಎದ್ದದ್ದು ಎರಡೂ ಕೈ.