ಹೆಸರಿನ ಬೇಳೆ

“ಯಾರೋ ನನ್ನ ಫೋನ್ ಎಗರಿಸಿದ್ದಾರೆ. ಅದೇ ನಂಬರಿಗೆ ಹೊಸ ಸಿಮ್ ಕೊಡಿ. ಬೇಗ!”

ಫೋನ್ ಕಂಪನಿಯ ಕೌಂಟರಿನ ಮೇಲೆ ಅವಳ ಬೆರಳುಗಳು ತಾಳ ತಪ್ಪಿ ತಾಳ ಹಾಕುತ್ತಿದ್ದವು. ಟ್ಯಾಕ್ಸಿಯಲ್ಲೂ ಇದೇ ಚಡಪಡಿಕೆ. “ಹಳೇ ಟಾಕೀಸ್ ಹತ್ರ ಬಿಡಪ್ಪ” ಎಂದಿದ್ದಳು. ಟಾಕೀಸು ನೆಲಸಮವಾಗಿ ಒಂದು ತಲೆಮಾರೇ ಕಳೆದಿದೆ. ಆದರೂ ಸಾನ್ ಹೊಸೆ ನಗರದ ಚಾಲಕ ಮರುಮಾತಿಲ್ಲದೆ ಬಾಗಿಲಿಗೇ ತಂದು ಇಳಿಸಿದ್ದ.

“ಬೇಗ! ಬೇಗ!” ಕೌಂಟರಿನ ಎಲಾದಿಯೊ ಅವಳ ದನಿಯಲ್ಲೇ ಅಣಕಿಸಿದ. ಬಂದವರ ದನಿ ಹಿಡಿಯುವುದು ಅವನ ಚಾಳಿ. “ದೋನ್ಯಾ, ಅಮ್ಮಾವ್ರೇ, ನಿಮ್ಮ ಹೆಸರು?”

“ಸೈದಾ ಉಮಾನ್ಯ. ಗುರುತಿನ ಚೀಟಿ ಪರ್ಸ್ ಜೊತೆ ಹೋಯ್ತು. ಬ್ಯಾಂಕಿನ ಕೋಡ್ ಬರೋದು ಅದೇ ನಂಬರಿಗೆ. ತಡ ಆದ್ರೆ ದುಡ್ಡೆಲ್ಲ ಗುಳುಂ!”

ಅದಂತೂ ನಿಜ. ಆ ನಂಬರ್ ಯಾರ ಕೈಯಲ್ಲೋ, ಸೈದಾ ಉಮಾನ್ಯಳ ಉಳಿತಾಯವೂ ಅವರ ಕೈಯಲ್ಲೇ. ಇದು ಅವಳಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು.

ಅಷ್ಟರಲ್ಲಿ ಬಾಗಿಲು ತಳ್ಳಿಕೊಂಡು ಇನ್ನೊಬ್ಬಳು ನುಗ್ಗಿದಳು. ಏಪ್ರನ್ ತುಂಬ ತಮಾಲೆ ಕಡುಬಿನ ಜೋಳದ ಹಿಟ್ಟು, ಕೈಯಲ್ಲಿ ಫೋನು.

“ನನ್ನ ನಂಬರಿಗೆ ಬೀಗ ಹಾಕು ಮಗಾ! ಕೇಳದೇ ಇದ್ರೂ ಬ್ಯಾಂಕಿನ ಕೋಡ್ ಮೇಲೆ ಕೋಡ್ ಬರ್ತಿದೆ. ಸೈದಾ ಉಮಾನ್ಯ ಅಂತ ಹೆಸರು.”

ಮೊದಲು ಬಂದವಳು ಗಕ್ಕನೆ ತಿರುಗಿದಳು. ಮರುಕ್ಷಣವೇ ಬೆರಳು ಚಾಚಿದಳು. “ನೋಡಿ, ನನ್ನ ಫೋನ್ ಇವಳ ಹತ್ರಾನೇ ಇದೆ! ಕಳ್ಳಿ!”

“ಕಳ್ಳಿ ಅನ್ನೋಕೆ ನನ್ನ ಮೈಮೇಲೆ ಮುಳ್ಳಿದೆಯೇನೇ?” ಎಂದು ಏಪ್ರನ್ ಹೆಂಗಸು ತಿರುಗಿಬಿದ್ದಳು. ಆಮೇಲೆ ತಲೆ ವಾಲಿಸಿದಳು. “ತಡಿ. ಈ ದನಿ ಎಲ್ಲೋ ಕೇಳಿದೀನಿ.”

“ಹೆಸರು ಒಂದು, ಬೇಳೆ ಎರಡು” ಎಂದ ಎಲಾದಿಯೊ. “ಯಾರದು ಬೇಯುತ್ತೋ ನೋಡೋಣ. ತಾಯಿ ಹೆಸರು?”

“ಎಡೆಲ್ಮಿರಾ ಸೊಲಾನೊ ಕಾಂಪೊಸ್.” ಮೊದಲಿನವಳು ತಡವರಿಸಲಿಲ್ಲ.

“ಕಾಗದದಲ್ಲೋ, ಮನೇಲೋ?” ಏಪ್ರನ್ ಹೆಂಗಸು ಗೊಂದಲಕ್ಕೆ ಬಿದ್ದಳು. “ಅಮ್ಮನ್ನ ಎಲ್ರೂ ಮೀಲಾ ಅಂತಾನೇ ಕರೀತಿದ್ರು...”

“ಮೊದಲು ಸಾಕಿದ ನಾಯಿ?”

“ಕ್ಯಾಪ್ಟನ್!” ಪ್ರಶ್ನೆ ಮುಗಿಯುವ ಮೊದಲೇ ಮೊದಲಿನವಳ ಉತ್ತರ ಬಂದಿತ್ತು.

“ಕ್ಯಾಪ್ಟನ್... ಅಲ್ಲ, ಅದಕ್ಕೂ ಮುಂಚೆ ಒಂದು ಕುಂಟ ನಾಯಿ ಇತ್ತು. ಅರೆ, ಹೋದ ವಾರ ಬಹುಮಾನ ಕೊಡ್ತೀವಿ ಅಂತ ಫೋನ್ ಮಾಡಿದವರೂ ಇದನ್ನೇ...”

“ಕಥೆ ಕಟ್ಟಬೇಡ!” ಎಂದು ಅವಳು ಬಾಯಿ ಹಾಕಿದಳು. “ಮುಂದಿನದು ಕೇಳಿ.”

“ವಿಳಾಸ?”

“ಹದಿನಾಲ್ಕನೇ ಅವೆನ್ಯೂ, ಒಂಬತ್ತನೇ ಬೀದಿ, ಮನೆ ನಂಬರ್ ಒಂಬೈನೂರ ಇಪ್ಪತ್ತೇಳು.”

ಎಲಾದಿಯೊ ಪರದೆ ನೋಡಿದ. ಹುಬ್ಬೇರಿಸಿದ. “ಅಬ್ಬಾ! ಒಂದಕ್ಷರ ತಪ್ಪಿಲ್ಲ.”

ಏಪ್ರನ್ ಹೆಂಗಸು ಅಳುವುದೊಂದು ಬಾಕಿ. “ನಮ್ಮನೆಗೆ ನಂಬರ್ ಬೇರೆ ಇದೆಯಾ? ಸುಟ್ಟುಹೋಯ್ತಲ್ಲ ಆ ಬೇಕರಿ, ಅಲ್ಲಿಂದ ನೂರು ಮೀಟರ್ ದಕ್ಷಿಣಕ್ಕೆ, ಹಸಿರು ಗೇಟು. ತಮಾಲೆ ಮಾರಿ ಕೂಡಿಟ್ಟ ದುಡ್ಡು ಮಗಾ...”

ಮೊದಲಿನವಳು ನಿರಾಳವಾಗಿ ಉಸಿರು ಬಿಟ್ಟಳು. ಮೂರಕ್ಕೆ ಮೂರೂ ಸರಿ. ಸಿಮ್ಮಿಗಾಗಿ ಅಂಗೈ ಒಡ್ಡಿದಳು.

ಎಲಾದಿಯೊ ಸಿಮ್ ಕೊಡಲಿಲ್ಲ. “ಟ್ಯಾಕ್ಸಿಯವನಿಗೆ ಇಲ್ಲಿಗೆ ದಾರಿ ಹೇಗೆ ಹೇಳಿದ್ರಿ, ದೋನ್ಯಾ?”

“ಹಳೇ ಟಾಕೀಸ್ ಹತ್ರ ಅಂತ. ಇನ್ನೇನು ಹೇಳ್ತಾರೆ?”

“ಅದೇ ನಾನೂ ಹೇಳೋದು. ಈ ಊರಲ್ಲಿ ವಿಳಾಸ ಅಂದ್ರೆ ಇಂಥ ಗುರುತೇ, ನಂಬರಲ್ಲ. ಇಷ್ಟು ವರ್ಷ ಈ ಕುರ್ಚಿ ಸವೆಸಿದೀನಿ, ಮನೆ ನಂಬರ್ ಹೇಳಿದವರನ್ನ ಇವತ್ತೇ ನೋಡಿದ್ದು. ನನ್ನ ಮನೇದು ನನಗೇ ಗೊತ್ತಿಲ್ಲ.”

ಅವನ ಕಣ್ಸನ್ನೆಗೆ ಕಾವಲುಗಾರ ಬಾಗಿಲಿಗೆ ಅಡ್ಡ ನಿಂತ.

ಅವಳು ಒಡ್ಡಿದ್ದ ಅಂಗೈ ಹಿಂದಕ್ಕೆಳೆದುಕೊಂಡಳು. ತನ್ನ ಸ್ವಂತ ಮನೆಯ ನಂಬರು ಅವಳಿಗೂ ಗೊತ್ತಿರಲಿಲ್ಲ. ಬಾಯಿಪಾಠ ಮಾಡಿಕೊಂಡು ಬಂದಿದ್ದು ಸೈದಾಳ ಮನೆಯದು.