ತೂಬಿನ ಚಕ್ರ

ಕೆರೆಯ ಹೊಸ ಕಬ್ಬಿಣದ ತೂಬಿನ ಚಕ್ರಕ್ಕೆ ಕೈ ಹಾಕಿದ ನೀರುಗಂಟಿ ಉಜ್ಜನಪ್ಪ ಎದೆ ತುಂಬ ಉಸಿರೆಳೆದುಕೊಂಡು ಬಾಯಿ ಬಿಗಿಹಿಡಿದ. ಒಂದು ಸುತ್ತು ತಿರುಗಿಸಿದ, ಇನ್ನೊಂದು ತಿರುಗಿಸಿದ. ಕತ್ತಿನ ನರಗಳು ಉಬ್ಬಿದವು, ಕಣ್ಣು ಕೆಂಪಾದವು. ಏರಿಯ ಮೇಲೆ ನೆರೆದಿದ್ದ ರೈತರು ನಗತೊಡಗಿದರು.

“ಉಸಿರು ಬಿಡಪ್ಪ, ನೀನೇನು ನೀರೊಳಗಿಲ್ಲ, ನೆಲದ ಮ್ಯಾಲೆ ಅದೀಯ,” ಎಂದರು ಹರಿಹರದಿಂದ ಜೀಪಿನಲ್ಲಿ ಬಂದಿದ್ದ ಓವರ್‌ಸೀಯರ್.

ಪಕ್ಕದಲ್ಲೇ ಏಳುನೂರು ವರ್ಷದ ಕಲ್ಲಿನ ತೂಬು ಬಾಯಿಗೆ ಸಿಮೆಂಟು ಮೆತ್ತಿಸಿಕೊಂಡು ನಿಂತಿತ್ತು. ಹೋದ ಸುಗ್ಗಿಯವರೆಗೂ ಗದ್ದೆಗೆ ನೀರು ಬಿಡಬೇಕಾದರೆ ಉಜ್ಜನಪ್ಪ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಅದರೊಳಗೆ ಮುಳುಗಿ, ತಳದ ಕಂಡಿ ಮುಚ್ಚಿದ್ದ ಗೂಟ ಕೀಳುತ್ತಿದ್ದ. ಹಗ್ಗದ ಇನ್ನೊಂದು ತುದಿ ಹಿಡಿದು ಅವನ ಹೆಂಡತಿ ಹಾಲಮ್ಮ ಏರಿಯ ಮೇಲೆ ನಿಂತು ಎಣಿಸುತ್ತಿದ್ದಳು. ಎಂಬತ್ತು ಆಗುವುದರೊಳಗೆ ಗಂಡ ಮೇಲೆ ಬರದಿದ್ದರೆ ಅವಳು ಎಳೆಯಬೇಕು. ಅವನ ಅಪ್ಪ ಮುಳುಗಿದ ಒಂದು ದಿನ ಹೀಗೇ ಎಳೆದಾಗ ಬರೀ ಹಗ್ಗ ಮೇಲೆ ಬಂದಿತ್ತು.

ಹನ್ನೆರಡನೆಯ ಸುತ್ತಿಗೆ ಕಬ್ಬಿಣದ ಬಾಗಿಲು ಮೇಲೆದ್ದು ಕಾಲುವೆಗೆ ನೀರು ನುಗ್ಗಿತು. ಉಜ್ಜನಪ್ಪ ಬುಸ್ಸೆಂದು ಉಸಿರು ಬಿಟ್ಟು, ತನ್ನ ದಡ್ಡತನಕ್ಕೆ ಎಲ್ಲರ ಜೊತೆ ತಾನೂ ನಕ್ಕ. ನಗುತ್ತಲೇ ಜನರ ನಡುವೆ ಹೆಂಡತಿಯನ್ನು ಹುಡುಕಿ, “ಎಷ್ಟಾತೇ?” ಎಂದು ತಮಾಷೆಗೆ ಕೂಗಿದ.

ಹಾಲಮ್ಮ ನಗುತ್ತಿರಲಿಲ್ಲ. ಹಗ್ಗವಿಲ್ಲದ ಎರಡೂ ಮುಷ್ಟಿಗಳನ್ನು ಬಿಗಿಯಾಗಿ ಎದೆಗೊತ್ತಿಕೊಂಡು ನಿಂತಿದ್ದಳು.

“ಎಪ್ಪತ್ತೊಂಬತ್ತು,” ಎಂದಳು.