ಮುಟ್ಟಬಾರದ ಕ್ಲಾಸ್‌ರೂಮು

ಸ್ಪ್ಯಾನಿಷ್ ಕ್ಲಾಸಿನ ಬಾಗಿಲು ತಳ್ಳಿದ ಹೆಡ್ ಮೇಡಂ ಬಿಟ್ಟ ಕಣ್ಣು ಬಿಟ್ಟ ಹಾಗೇ ನಿಂತುಬಿಟ್ಟರು. ಬಾಗಿಲಿಗೆ, ಕಿಟಕಿಗೆ, ಫ್ಯಾನಿನ ಸ್ವಿಚ್ಚಿಗೆ, ಕೊನೆಗೆ ಕಸದ ಬುಟ್ಟಿಗೂ ಸ್ಪ್ಯಾನಿಷ್ ಹೆಸರು ಬರೆದ ಬಣ್ಣದ ಚೀಟಿ. ಈ ಗೋಡೆಯಿಂದ ಆ ಗೋಡೆಗೆ ಎಳೆದು ಕಟ್ಟಿದ ದಾರದಲ್ಲಿ ಕಾಗದದ ಅಂಗಿ, ಲಂಗ, ಕಾಲುಚೀಲ. ಹೆಸರು ಸರಿಯಾಗಿ ಹೇಳಿದ ಮಗು ಎದ್ದು ಹೋಗಿ, ಕ್ಲಿಪ್ಪು ಬಿಚ್ಚಿ, ಆ ಬಟ್ಟೆಯನ್ನು ತನ್ನ ಬೆಂಚಿಗೆ ತಂದುಕೊಳ್ಳಬೇಕು. ಅದು ಆಟ. ಸ್ಪ್ಯಾನಿಷ್ ಮಿಸ್ ರಜೆಯಿಡೀ ಮನೆಯಲ್ಲಿ ನೆಲದ ಮೇಲೆ ಕೂತು ಕತ್ತರಿಸಿದ್ದಳು. "ನನ್ನ ಅಂಗಿಗೆ ಒಂದು ಗುಂಡಿ ಹೊಲಿಯೋಕೆ ಪುರುಸೊತ್ತಿಲ್ಲ, ಕಾಗದದ ಅಂಗಿಗೆ ಮಾತ್ರ ಸಾಲು ಸಾಲು ಗುಂಡಿ" ಎಂದು ಗಂಡ ಗೊಣಗಿದ್ದೂ ಆಗಿತ್ತು.

"ಅಬ್ಬಬ್ಬಾ, ಏನಮ್ಮಾ ಇದು! ಚೇರ್ಮನ್ನರು ನೋಡಲೇಬೇಕು. ಸೋಮವಾರ ಬರ್ತಾರೆ. ಅಲ್ಲೀವರೆಗೂ ಒಂದು ಚೀಟಿ ಕೂಡ ಅಲ್ಲಾಡಕೂಡದು."

"ಮೇಡಂ, ಮತ್ತೆ ಮಕ್ಕಳು?"

"ಅದನ್ನೇ ನಾನೂ ಹೇಳ್ತಿರೋದು. ಅವರನ್ನ ಒಳಗೆ ಬಿಟ್ರೆ ಕಥೆ ಮುಗೀತು. ಮೆಟ್ಟಿಲ ಮೇಲೆ ಕೂರಿಸ್ಕೊಂಡು ಪಾಠ ಮಾಡು. ನಿನ್ನ ಕೆಲಸ ಖಾಯಂ ಆಗಬೇಕೋ ಬೇಡ್ವೋ?"

ಕೆಲಸದ ಮಾತೆತ್ತಿದಾಗಲೆಲ್ಲ "ನೋಡೋಣ" ಅನ್ನಿಸಿಕೊಂಡೇ ವರ್ಷಗಳನ್ನು ಕಳೆದವಳು ಅವಳು. ಈ ಸಲವೂ ಆಗದಿದ್ದರೆ ಬೇರೆ ಊರು ನೋಡಿಕೊಳ್ಳಬೇಕಿತ್ತು. "ಆಗಬೇಕು ಮೇಡಂ" ಅಂದಳು. ಮಧ್ಯಾಹ್ನದ ಹೊತ್ತಿಗೆ ಬಾಗಿಲಿಗೆ ಅಂಗೈಯಗಲದ ಬೀಗ ಬಿತ್ತು.

ಸೋಮವಾರ ಬಂತು, ಚೇರ್ಮನ್ನರು ಬರಲಿಲ್ಲ. ಮುಂದಿನ ಸೋಮವಾರ ಅವರಿಗೆ ಕಾಲು ಉಳುಕಿತಂತೆ. ಅದರ ಮುಂದಿನದಕ್ಕೆ ಎಲ್ಲೋ ಟೇಪು ಕತ್ತರಿಸಲು ಹೋಗಿದ್ದರಂತೆ. ಇತ್ತ ಸ್ಪ್ಯಾನಿಷ್ ಭಾಷೆ ಮೆಟ್ಟಿಲ ಮೇಲೆ ಬೆಳೆಯುತ್ತಿತ್ತು. ಮೇಲಿನವರು ಇಳಿದಾಗ, ಕೆಳಗಿನವರು ಹತ್ತಿದಾಗ ಮಕ್ಕಳು ಕಾಲು ಮಡಚಿ ದಾರಿ ಬಿಡಬೇಕು. ದಾರಿ ಬಿಟ್ಟು ಮುಗಿಯುವಷ್ಟರಲ್ಲಿ ಕಲಿತದ್ದು ಮರೆತುಹೋಗಬೇಕು. ಬಿಡುವು ಸಿಕ್ಕಿತೆಂದರೆ ಸಾಕು, ಎಲ್ಲವೂ ಓಡಿಹೋಗಿ ಕಿಟಕಿಯ ಗಾಜಿಗೆ ಮೂಗು ಒತ್ತಿ ನಿಲ್ಲುತ್ತಿದ್ದವು. ಒಳಗಿನ ಕಾಗದದ ಲಂಗ ಯಾರದು ಎಂದು ಅಲ್ಲೇ ಜಗಳ.

ಮೊದಮೊದಲು ಅವಳಿಗೆ ಕರುಳು ಚುರ್ ಎನ್ನುತ್ತಿತ್ತು. ಆಮೇಲೆ ಗಾಜಿನ ಮೇಲಿನ ಮೂಗಿನ ಗುರುತುಗಳು ಕಣ್ಣಿಗೆ ಬೀಳತೊಡಗಿದವು.

"ತೆಗೀರೋ ಮೂಗು! ಗಾಜೆಲ್ಲಾ ಜಿಡ್ಡು! ಯಾರಾದ್ರೂ ನೋಡಿದ್ರೆ ಏನಂದ್ಕೋತಾರೆ?"

ಯಾರಿಗೋಸ್ಕರ ಕತ್ತರಿಸಿದೆನೋ ಅವರ ಮೇಲೇ ಸಿಡುಕುತ್ತಿದ್ದೇನಲ್ಲ ಎಂದು ಅವಳಿಗೆ ನಾಚಿಕೆಯಾಯಿತು. ನಾಚಿಕೆ ಆಗಿದ್ದೇನೋ ಆಯಿತು, ಮಾರನೆಯ ದಿನ ಒಳಗಿನಿಂದ ಪರದೆ ಎಳೆದಳು.

ಕೊನೆಗೂ ಚೇರ್ಮನ್ನರು ದಯಮಾಡಿಸಿದರು. ಬೂಟು ಬಿಚ್ಚಿಟ್ಟು ಒಳಗೆ ಹೋದರು, ಕೈ ಹಿಂದೆ ಕಟ್ಟಿಕೊಂಡು ಸುತ್ತಿದರು, ಕಸದ ಬುಟ್ಟಿಯ ಪಕ್ಕದಲ್ಲೂ ಒಂದು ಫೋಟೊ ತೆಗೆಸಿಕೊಂಡರು.

"ಒಂದು ಗೀರಿಲ್ಲ, ಒಂದು ಕಲೆಯಿಲ್ಲ! ಎಂಥಾ ಶಿಸ್ತಿನ ಮಕ್ಕಳ್ರೀ! ಇದರಿಂದ ಕಲಿಕೆ ಸುಧಾರಿಸಿದೆಯಾ?"

ಹೆಡ್ ಮೇಡಂ ಅವಳನ್ನು ನೋಡಿದರು. "ತುಂಬಾ ಸುಧಾರಿಸಿದೆ ಸಾರ್" ಎಂದಿತು ಅವಳ ನಾಲಗೆ, ಅವಳನ್ನು ಒಂದು ಮಾತೂ ಕೇಳದೆ.

"ಹಾಗಾದ್ರೆ ಇವರನ್ನ ಖಾಯಂ ಮಾಡಿ. ರೂಮನ್ನೂ ಹೀಗೇ ಖಾಯಂ ಇಟ್ಬಿಡಿ. ಅಡ್ಮಿಷನ್ನಿಗೆ ಬರೋ ಅಪ್ಪ ಅಮ್ಮಂದಿರಿಗೆ ತೋರಿಸೋಣ. ಮಕ್ಕಳು ಮುಟ್ಟದ ಹಾಗೆ ನೋಡ್ಕೊಳ್ಳಿ ಅಷ್ಟೆ."

ಆ ಸಂಜೆ ಮನೆಯಲ್ಲಿ ಅವಳಿಗೆ ಆಕಾಶ ಮೂರೇ ಗೇಣು. ಗಂಡನ ಅಂಗಿಯ ಗುಂಡಿಯನ್ನೂ ಹೊಲಿದುಕೊಟ್ಟಳು. ಖುಷಿಯೇನೋ ನಿಜವಾದದ್ದೇ, ಆದರೆ ಉಳಿದಿದ್ದ ಬಣ್ಣದ ಕಾಗದವನ್ನು ಮಾತ್ರ ಕಣ್ಣಿಗೆ ಬೀಳದ ಹಾಗೆ ಎತ್ತಿಟ್ಟಳು.

ಮರುದಿನ ಮತ್ತೆ ಮೆಟ್ಟಿಲು. ಅವಳು ಎದುರಿಗಿದ್ದ ಬಾಗಿಲನ್ನು ತೋರಿಸಿ "ಇದೇನು?" ಅಂದಳು. "ಪುಯೆರ್ತಾ!" ಎಂದು ಎಲ್ಲರೂ ಕೂಗಿದರು. ಪಾಪ, ಅದೊಂದು ಹೊರಗಿನಿಂದಲೂ ಕಾಣುತ್ತಿತ್ತು.

ಎರಡು ಜಡೆಯ ಹುಡುಗಿಯೊಬ್ಬಳು ಎದ್ದು ನಿಂತಳು. "ಮಿಸ್, ಬೀಗಕ್ಕೆ ಏನಂತಾರೆ?"

ಕಸದ ಬುಟ್ಟಿಗೂ ಚೀಟಿ ಬರೆದವಳು ಬೀಗಕ್ಕೆ ಬರೆದಿರಲಿಲ್ಲ. ಬೈಯಲು ಹೊರಟವಳು ಬೀಗದ ಕಡೆ ನೋಡಿದಳು. "ಕಾಂದಾದೊ" ಅಂದಳು ಮೆಲ್ಲಗೆ.

ಚಿತ್ರವಿಲ್ಲ, ದಾರವಿಲ್ಲ, ಕ್ಲಿಪ್ಪಿಲ್ಲ. ಇಡೀ ಕ್ಲಾಸಿಗೆ ಒಂದೇ ಸಲಕ್ಕೆ ಬಂದುಬಿಟ್ಟಿತು. ಮೇಲಿನ ಮೆಟ್ಟಿಲಿಂದ ಕೆಳಗಿನ ಮೆಟ್ಟಿಲವರೆಗೆ "ಕಾಂದಾದೊ, ಕಾಂದಾದೊ" ಎಂದು ಗುನುಗಿದ್ದೇ ಗುನುಗಿದ್ದು.

ಬ್ಯಾಗಿನ ತಳದಲ್ಲಿ ಉಳಿದಿದ್ದ ಒಂದು ಹಳದಿ ಚೀಟಿಯನ್ನು ಮಿಸ್ ಹೊರತೆಗೆದು, ಬರೆದು, ಬೀಗಕ್ಕೆ ಅಂಟಿಸಿದಳು. ಎರಡು ಜಡೆಯವಳು ಹತ್ತಿರ ಬಂದಳು. ಇಷ್ಟು ದಿನದ ಅಭ್ಯಾಸದಂತೆ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡೇ ಕೇಳಿದಳು.

"ಇದನ್ನ ಮುಟ್ಟಬಹುದಾ ಮಿಸ್?"

"ಮುಟ್ಟಬಹುದು" ಅಂದಳು ಮಿಸ್. ಮಕ್ಕಳು ಸಾಲಾಗಿ ಬಂದು, ಒಬ್ಬೊಬ್ಬರೇ ಬೀಗ ಮುಟ್ಟಿ, ಅದರ ಹೆಸರು ಹೇಳಿ, ತಮ್ಮ ತಮ್ಮ ಮೆಟ್ಟಿಲಿಗೆ ಹೋಗಿ ಕೂತರು.